ಬೆಟ್ಟಿಂಗ್ ಸೈಟಿನಿಂದ ದುಡ್ಡು ಬಂದ ಮೇಲೆ ಬ್ಯಾಂಕ್ ಖಾತೆ ಫ್ರೀಜ್ ಆಗಿದೆ. ಬಾಕಿ ಹಣಕ್ಕೆ ಮೊದಲು ಟ್ಯಾಕ್ಸ್ ಕಟ್ಟಿ ಅಂತಿದ್ದಾರೆ. ಏನು ಮಾಡಲಿ?

ಮೊದಲ ಮಾತು: ಟ್ಯಾಕ್ಸ್ ಅಂತ ಕೇಳುತ್ತಿರುವ ಆ 12,000 ರೂಪಾಯಿ ಕಟ್ಟಬೇಡಿ. ಉಳಿದದ್ದನ್ನೆಲ್ಲ ನಿಧಾನವಾಗಿ ಬಿಡಿಸೋಣ, ಇದೊಂದು ಮಾತ್ರ ಇವತ್ತೇ ನಿಲ್ಲಬೇಕು.

ನೀವು ಬರೆದಿರುವುದು ಇಷ್ಟು. ಕ್ರಿಕೆಟ್ ಬೆಟ್ಟಿಂಗ್ ಸೈಟೊಂದಕ್ಕೆ ಒಟ್ಟು 20,000 ರೂಪಾಯಿ ಹಾಕಿದ್ದೀರಿ. 18,000 ವಿತ್‌ಡ್ರಾ ಮಾಡಿದಿರಿ, ಖಾತೆಗೆ ಬಂತು. ಮೂರನೇ ದಿನ ಖಾತೆ ಫ್ರೀಜ್. ಬ್ರಾಂಚಿನವರು ‘ಬೇರೆ ರಾಜ್ಯದ ಸೈಬರ್ ಪೊಲೀಸರಿಂದ ಬಂದಿದೆ, ಅವರನ್ನೇ ಕೇಳಿ’ ಅಂದರು. ಸೈಟಿನಲ್ಲಿ ಇನ್ನೂ 40,000 ಕಾಣಿಸುತ್ತಿದೆ. ಅದನ್ನು ತೆಗೆಯಲು ಶೇ 30 ಟಿಡಿಎಸ್ ಮೊದಲು ಯುಪಿಐನಲ್ಲಿ ಕಟ್ಟಿ ಅನ್ನುತ್ತಿದ್ದಾರೆ. ಲಂಡನ್ನಿನ ಸ್ನೇಹಿತರು ಸ್ಕ್ರಿಲ್ ಅನ್ನುವ ವಿದೇಶಿ ಆನ್‌ಲೈನ್ ವ್ಯಾಲೆಟ್ ಬಳಸು, ಬ್ಯಾಂಕಿನ ಕಾಟವೇ ಇರಲ್ಲ ಅಂದಿದ್ದಾರೆ.

ಟ್ಯಾಕ್ಸ್ ವಿಷಯ ಮೊದಲು ಮುಗಿಸುತ್ತೇನೆ. ಆನ್‌ಲೈನ್ ಆಟದ ಗೆಲುವಿಗೆ ಶೇ 30 ಟಿಡಿಎಸ್ ಅನ್ನುವ ನಿಯಮ ನಿಜವಾಗಿಯೂ ಇದೆ. ಆದಾಯ ತೆರಿಗೆ ಕಾಯ್ದೆಯ 194ಬಿಎ ಕಲಂ ಆಗಿ 2023ರ ಏಪ್ರಿಲ್ 1ರಿಂದ ಬಂತು. ಮೋಸಗಾರರು ಅದರ ಹೆಸರು ಹೇಳುವುದು ಅದಕ್ಕೇ: ಗೂಗಲ್ ಮಾಡಿದರೆ ಸುದ್ದಿ ಸಿಗುತ್ತದೆ, ನಂಬಿಕೆ ಹುಟ್ಟುತ್ತದೆ. ಆದರೆ ಟಿಡಿಎಸ್ ಅಂದರೆ ಮೂಲದಲ್ಲೇ ಹಿಡಿದುಕೊಳ್ಳುವುದು. ಕೊಡುವವನು ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾನೆ. ಪಡೆಯುವವನು ಮುಂಗಡ ಕಟ್ಟುವ ಪ್ರಶ್ನೆಯೇ ಇಲ್ಲ. ಲೆಕ್ಕವೂ ಅವರು ಹೇಳಿದಂತಿಲ್ಲ. ಒಟ್ಟು ತೆಗೆದದ್ದರಲ್ಲಿ ನೀವು ಹಾಕಿದ್ದನ್ನು ಕಳೆದು, ಉಳಿದದ್ದಕ್ಕೆ ಮಾತ್ರ ತೆರಿಗೆ. ನಿಮ್ಮ ಮೊದಲ 18,000 ನೀವು ಹಾಕಿದ 20,000ಕ್ಕಿಂತ ಕಡಿಮೆ, ಅಲ್ಲಿ ತೆರಿಗೆ ಸೊನ್ನೆ. ಈಗ 40,000 ತೆಗೆದರೆ ಒಟ್ಟು 58,000. ಅದರಲ್ಲಿ 20,000 ಕಳೆದರೆ 38,000. ಶೇ 30 ಅಂದರೆ 11,400. ಅದನ್ನು ಹಿಡಿದುಕೊಂಡು ನಿಮಗೆ 28,600 ಹಾಕಬೇಕು, ಹಿಡಿದ ತೆರಿಗೆ ನಿಮ್ಮ ಪ್ಯಾನ್‌ನ ತೆರಿಗೆ ಕಡಿತದ ಪಟ್ಟಿಯಲ್ಲಿ ಕಾಣಬೇಕು. ಯಾರದೋ ಹೆಸರಿನ ಯುಪಿಐ ಐಡಿಗೆ ‘ಟ್ಯಾಕ್ಸ್’ ಕೇಳುವವರ ಬಳಿ ಆ ವ್ಯವಸ್ಥೆ ಇರುವುದಿಲ್ಲ. ಕಟ್ಟಿದಿರಿ ಅಂದರೆ ಮುಂದಿನ ವಾರ ‘ವೆರಿಫಿಕೇಷನ್ ಫೀ’, ಅದರ ಮುಂದಿನ ವಾರ ‘ಆರ್‌ಬಿಐ ಕ್ಲಿಯರೆನ್ಸ್’ ಬರುತ್ತದೆ. ಆ 40,000 ಒಂದು ವೆಬ್‌ಪೇಜಿನ ಮೇಲಿನ ಅಂಕಿ ಅಷ್ಟೇ. ಅದನ್ನು ಹೋದದ್ದು ಅಂತಲೇ ಲೆಕ್ಕ ಹಾಕಿ. ಈಗಾಗಲೇ ಏನಾದರೂ ಕಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಕೈ ದಾಟುವ ಮೊದಲು ಹಿಡಿಯಲು ಗಂಟೆಗಳಷ್ಟೇ ಸಮಯವಿರುತ್ತದೆ.

ಇನ್ನು ಫ್ರೀಜ್. ‘ನಾನು ಗೆದ್ದದ್ದು ತಪ್ಪಾ’ ಅಂತ ಕೇಳಿದ್ದೀರಿ. ಗೆದ್ದದ್ದಕ್ಕೆ ಫ್ರೀಜ್ ಆಗಿಲ್ಲ. ಆ 18,000 ಯಾರ ಖಾತೆಯಿಂದ ಬಂತು ಅನ್ನುವುದಕ್ಕೆ ಆಗಿದೆ. ಸ್ಟೇಟ್‌ಮೆಂಟ್ ತೆಗೆದು ಆ ಸಾಲು ನೋಡಿ. ಸೈಟಿನ ಹೆಸರು ಇರಲಿಕ್ಕಿಲ್ಲ. ಯಾರೋ ಗೊತ್ತಿಲ್ಲದ ವ್ಯಕ್ತಿಯ ಅಥವಾ ಟ್ರೇಡರ್ಸ್, ಎಂಟರ್‌ಪ್ರೈಸಸ್ ಅನ್ನುವಂಥ ಹೆಸರು ಇರುತ್ತದೆ. ಈ ಸೈಟುಗಳಿಗೆ ಇಲ್ಲಿ ತಮ್ಮದೇ ಖಾತೆ ತೆರೆಯಲು ದಾರಿಯಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾನೂನಿಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅಂಥ ಆಟಕ್ಕೆ ಹಣ ಸಾಗಿಸಿಕೊಡುವ ಬ್ಯಾಂಕು, ಪೇಮೆಂಟ್ ಕಂಪನಿಗಳಿಗೂ ಅದರಲ್ಲಿ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ ಇದೆ. ಹಾಗಾಗಿ ಅವರು ಬಾಡಿಗೆ ಖಾತೆಗಳನ್ನು ಹಿಡಿಯುತ್ತಾರೆ. ವಿದ್ಯಾರ್ಥಿಗಳು, ಕೂಲಿ ಮಾಡುವವರು ಕಮಿಷನ್ ಆಸೆಗೆ ಕೊಟ್ಟ ಪಾಸ್‌ಬುಕ್ಕು, ಸಿಮ್ಮು. ನೀವು ಹಣ ಹಾಕುವಾಗ ಪ್ರತಿ ಸಲ ಬೇರೆ ಕ್ಯೂಆರ್ ಬರುತ್ತಿತ್ತಲ್ಲ, ಕಾರಣ ಇದೇ. ಅದೇ ಖಾತೆಗಳಲ್ಲಿ ಡಿಜಿಟಲ್ ಅರೆಸ್ಟ್, ಷೇರು ಟಿಪ್ಸ್ ಹೆಸರಿನಲ್ಲಿ ದೋಚಿದ ದುಡ್ಡೂ ಓಡಾಡುತ್ತದೆ. ಮೋಸಹೋದವರು 1930ಕ್ಕೆ ದೂರು ಕೊಟ್ಟ ಕ್ಷಣದಿಂದ ಆ ದುಡ್ಡು ಮೊದಲ ಖಾತೆ, ಎರಡನೇ ಖಾತೆ, ಮೂರನೇ ಖಾತೆ ಅಂತ ಪದರ ಪದರವಾಗಿ ಹುಡುಕಲ್ಪಡುತ್ತದೆ. ನೀವು ಆ ಸರಪಳಿಯ ಒಂದು ಕೊಂಡಿ. ಆ ತುದಿಯಲ್ಲಿ ಪಿಂಚಣಿ ಹಣ ಕಳಕೊಂಡ ಯಾರೋ ಇರಬಹುದು. ಬ್ಯಾಂಕಿನವರ ಮೇಲೆ ಸಿಟ್ಟು ಬಂದಾಗ ಅದನ್ನು ನೆನಪಿಡಿ.

ಬ್ರಾಂಚಿಗೆ ಬಾಯಿಮಾತಿನಲ್ಲಿ ಕೇಳುವುದನ್ನು ನಿಲ್ಲಿಸಿ. ಅರ್ಜಿ ಬರೆದು ಕೊಡಿ, ಸೀಲು ಹಾಕಿದ ಪ್ರತಿ ತೆಗೆದುಕೊಳ್ಳಿ, ಅದನ್ನೇ ಬ್ಯಾಂಕಿನ ನೋಡಲ್ ಅಧಿಕಾರಿಗೂ ಮೇಲ್ ಮಾಡಿ. ಕೇಳಬೇಕಾದ್ದು ಇವು: ಸೈಬರ್ ಕ್ರೈಂ ಪೋರ್ಟಲ್ಲಿನ ದೂರಿನ ಅಕ್ನಾಲೆಡ್ಜ್‌ಮೆಂಟ್ ನಂಬರು, ಯಾವ ರಾಜ್ಯದ ಯಾವ ಠಾಣೆ, ತನಿಖಾಧಿಕಾರಿಯ ಅಧಿಕೃತ ಮೇಲ್ ಅಥವಾ ಫೋನು, ವಿವಾದದ ಮೊತ್ತ ಎಷ್ಟು, ನಿಮ್ಮ ಯಾವ ಜಮೆಗೆ ಅದು ಸಂಬಂಧಿಸಿದ್ದು, ಮತ್ತು ಹಾಕಿರುವುದು ಯಾವ ಬಗೆಯ ತಡೆ. ಈ ಕೊನೆಯದು ಬಹಳ ಮುಖ್ಯ. ‘ಲೀನ್’ ಅಥವಾ ‘ಹೋಲ್ಡ್’ ಆದರೆ ಅಷ್ಟು ಮೊತ್ತ ಮಾತ್ರ ಕಟ್ಟಿಹಾಕಿರುತ್ತದೆ, ಉಳಿದದ್ದು ಬಳಸಬಹುದು. ‘ಡೆಬಿಟ್ ಫ್ರೀಜ್’ ಆದರೆ ದುಡ್ಡು ಒಳಗೆ ಬರುತ್ತದೆ, ಹೊರಗೆ ಹೋಗದು. ‘ಟೋಟಲ್ ಫ್ರೀಜ್’ ಆದರೆ ಎರಡೂ ಇಲ್ಲ. ಎಷ್ಟೋ ಪ್ರಕರಣಗಳಲ್ಲಿ ಪೊಲೀಸರ ಸೂಚನೆ ಒಂದು ಮೊತ್ತಕ್ಕೆ ಮಾತ್ರ ಇದ್ದು, ಬ್ಯಾಂಕು ಸುರಕ್ಷತೆಗೆಂದು ಇಡೀ ಖಾತೆಗೆ ಬೀಗ ಹಾಕಿರುತ್ತದೆ. ತಡೆ ಸೂಚನೆಯಲ್ಲಿ ಹೇಳಿದ ಮೊತ್ತಕ್ಕಷ್ಟೇ ಸೀಮಿತವಾಗಬೇಕೆಂದು ಕೇರಳ ಹೈಕೋರ್ಟ್ 2023ರಲ್ಲಿ ಹೇಳಿದೆ. ಅದನ್ನು ಉಲ್ಲೇಖಿಸಿ, ‘ವಿವಾದದ ಮೊತ್ತ ಇಟ್ಟುಕೊಂಡು ಉಳಿದದ್ದನ್ನು ಬಿಡಿ’ ಅಂತ ಎರಡನೇ ಅರ್ಜಿ ಹಾಕಿ. ಇಡೀ ಖಾತೆ ಬಿಡಿಸುವುದಕ್ಕಿಂತ ಈ ಬೇಡಿಕೆ ಬೇಗ ಫಲ ಕೊಡುತ್ತದೆ.

ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಿ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಪೊಲೀಸರಂಥ ಸಂಸ್ಥೆಯ ಆದೇಶದಂತೆ ಬ್ಯಾಂಕ್ ಕ್ರಮ ಕೈಗೊಂಡಿದ್ದರೆ ಆ ದೂರು ಒಂಬುಡ್ಸ್‌ಮನ್ ಯೋಜನೆಯ ವ್ಯಾಪ್ತಿಗೇ ಬರುವುದಿಲ್ಲ. ಬ್ಯಾಂಕು ಮಾಹಿತಿಯನ್ನೇ ಕೊಡುತ್ತಿಲ್ಲ, ಅರ್ಜಿಗೆ 30 ದಿನವಾದರೂ ಉತ್ತರವಿಲ್ಲ ಅನ್ನುವುದಕ್ಕೆ ಮಾತ್ರ ಆ ದಾರಿ.

ತನಿಖಾಧಿಕಾರಿಗೆ ಪತ್ರ ಬರೆಯುವ ಮುನ್ನ ಒಬ್ಬ ವಕೀಲರ ಜೊತೆ ಒಂದು ಗಂಟೆ ಕೂತುಕೊಳ್ಳಿ. 2025ರ ಕೇಂದ್ರ ಕಾನೂನಿನಲ್ಲಿ ಆಡಿದವನಿಗೆ ಶಿಕ್ಷೆ ಇಲ್ಲ, ನಿಜ. ಆದರೆ ನಮ್ಮಲ್ಲಿ ಕ್ರಿಕೆಟ್ ಬೆಟ್ಟಿಂಗಿಗೆ ಕರ್ನಾಟಕ ಪೊಲೀಸ್ ಕಾಯ್ದೆಯ 78ನೇ ಕಲಂ ಅಡಿ ಕೇಸು ಹಾಕುವುದುಂಟು, ಹಾಗಾಗಿ ಪತ್ರದ ಒಂದೊಂದು ವಾಕ್ಯಕ್ಕೂ ತೂಕ ಇದೆ. ಸುಳ್ಳು ಮಾತ್ರ ಬರೆಯಬೇಡಿ. ‘ಸ್ನೇಹಿತ ಕೈಸಾಲ ವಾಪಸ್ ಕೊಟ್ಟದ್ದು’ ಅಂತ ಬರೆದವರು, ಆ ‘ಸ್ನೇಹಿತ’ನ ಫೋನ್ ನಂಬರ್ ಕೇಳಿದಾಗ ಸಿಕ್ಕಿಬೀಳುತ್ತಾರೆ, ಬರೀ ಹಣ ಪಡೆದವರಾಗಿದ್ದವರು ಅಲ್ಲಿಂದ ಆರೋಪಿಯಾಗುತ್ತಾರೆ. ಪತ್ರದ ಜೊತೆ ಇಡಬೇಕಾದ್ದು: ಆ ಜಮೆಯ 12 ಅಂಕಿಯ ಯುಪಿಐ ರೆಫರೆನ್ಸ್ ನಂಬರು, ಆರು ತಿಂಗಳ ಸ್ಟೇಟ್‌ಮೆಂಟು, ಸೈಟಿನಲ್ಲಿ ವಿತ್‌ಡ್ರಾ ಕೋರಿದ ದಿನ ಮತ್ತು ಸಮಯ ಕಾಣುವ ಸ್ಕ್ರೀನ್‌ಶಾಟು, ನೀವು ಹಣ ಹಾಕಿದ ದಾಖಲೆ, ಸಂಬಳದ ಚೀಟಿ, ಗುರುತಿನ ಚೀಟಿ. ಸೈಟು ಯಾವಾಗ ಬೇಕಾದರೂ ಡೊಮೇನ್ ಬದಲಿಸಿ ಮಾಯವಾಗಬಹುದು, ಸ್ಕ್ರೀನ್‌ಶಾಟುಗಳನ್ನು ಇವತ್ತೇ ತೆಗೆದಿಡಿ. ವಿವಾದದ ಮೊತ್ತವನ್ನು ತಡೆಹಿಡಿಯಲು ನಿಮ್ಮ ತಕರಾರಿಲ್ಲ ಅಂತ ಸ್ಪಷ್ಟವಾಗಿ ಬರೆಯಿರಿ.

ಆ ಕಡೆಯಿಂದ ನೋಟಿಸ್ ಬಂದರೆ ಗಾಬರಿಯಾಗುವ ಮುನ್ನ ಯಾವ ಕಲಂ ಅಂತ ಓದಿ. ಪೊಲೀಸ್ ತನಿಖೆಯ ಕಾನೂನಾದ ಬಿಎನ್‌ಎಸ್‌ಎಸ್‌ನ 94 ಅಂದರೆ ದಾಖಲೆ ಕೇಳಿದ್ದಾರೆ, ಕಳಿಸಬೇಕು. 179 ಅಂದರೆ ಸಾಕ್ಷಿಯಾಗಿ ಕರೆದಿದ್ದಾರೆ. ಈ ಕಲಂ ಅಡಿ ಕರೆಯಬಹುದಾದ್ದು ತಮ್ಮ ಅಥವಾ ಪಕ್ಕದ ಠಾಣೆಯ ವ್ಯಾಪ್ತಿಯಲ್ಲಿರುವವರನ್ನು, ಹಾಗಾಗಿ ದೂರದ ರಾಜ್ಯದವರಾದರೆ ಮೇಲ್ ಅಥವಾ ವಿಡಿಯೋ ಕರೆಯಲ್ಲಿ ಹೇಳಿಕೆ ಪಡೆಯಲು ವಿನಂತಿಸಬಹುದು. 35(3) ಅಂದರೆ ನಿಮ್ಮ ಮೇಲೆಯೇ ಅನುಮಾನ ಇದೆ. ಅದನ್ನು ಕಡೆಗಣಿಸಿದರೆ ಬಂಧನಕ್ಕೆ ದಾರಿಯಾಗುತ್ತದೆ, ವಕೀಲರ ಜೊತೆಯೇ ಹೋಗಿ. ಪೊಲೀಸರು ಖಾತೆ ತಡೆಹಿಡಿಯುವುದು ಸಾಮಾನ್ಯವಾಗಿ 106ನೇ ಕಲಂ ಅಡಿ, ಹಾಗೆ ಮಾಡಿದ್ದನ್ನು ತಕ್ಷಣ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. ವಾರಗಟ್ಟಲೆ ಯಾವ ಉತ್ತರವೂ ಇಲ್ಲದಿದ್ದರೆ ಆ ಮ್ಯಾಜಿಸ್ಟ್ರೇಟ್ ಮುಂದೆ ತಡೆಹಿಡಿದ ಹಣ ಬಿಡಿಸಲು 503ನೇ ಕಲಂ ಅರ್ಜಿ, ಅದೂ ಆಗದಿದ್ದರೆ ಹೈಕೋರ್ಟಿನಲ್ಲಿ ರಿಟ್. ಹದಿನೆಂಟು ಸಾವಿರಕ್ಕೆ ರಿಟ್ ಹಾಕುವುದು ಖರ್ಚಿನ ದೃಷ್ಟಿಯಿಂದ ಅರ್ಥವಿಲ್ಲದ್ದು. ಸಂಬಳದ ಖಾತೆಯೇ ಪೂರ್ತಿ ಕಟ್ಟಿಕೊಂಡಿದ್ದರೆ ಮಾತು ಬೇರೆ.

‘ಅನ್‌ಫ್ರೀಜ್ ಮಾಡಿಸಿಕೊಡುತ್ತೇವೆ, ಶೇ 20 ಕೊಡಿ’ ಅನ್ನುವ ಟೆಲಿಗ್ರಾಂ ಏಜೆಂಟರಿಂದ ದೂರವಿರಿ. ಅವರು ಕಳಿಸುವುದು ನಕಲಿ ಪೊಲೀಸ್ ಪತ್ರ. ಅದನ್ನು ಬ್ಯಾಂಕಿಗೆ ಕೊಟ್ಟರೆ ನಿಮ್ಮ ಮೇಲೆ ಹೊಸದಾಗಿ ಫೋರ್ಜರಿ ಕೇಸು ಬೀಳುತ್ತದೆ.

ಖಾತೆ ಕಟ್ಟಿಕೊಂಡಿರುವ ಹೊತ್ತಿನಲ್ಲಿ ಸದ್ದಿಲ್ಲದೆ ಸೋರುವ ದುಡ್ಡಿನ ಕಡೆಗೂ ಗಮನವಿರಲಿ. ಇಎಂಐ, ಎಸ್‌ಐಪಿ, ವಿಮೆಯ ಕಂತು ಆ ಖಾತೆಯಿಂದ ಹೋಗುತ್ತಿದ್ದರೆ ಒಂದೊಂದು ಬೌನ್ಸಿಗೂ ಬ್ಯಾಂಕಿನ ಶುಲ್ಕ, ಅದರ ಮೇಲೆ ಶೇ 18 ಜಿಎಸ್‌ಟಿ, ಜೊತೆಗೆ ಸಾಲ ಕೊಟ್ಟವರ ದಂಡ, ಮೇಲೆ ಸಿಬಿಲ್ ಸ್ಕೋರಿಗೆ ಪೆಟ್ಟು. ಇವತ್ತೇ ಸಾಲದ ಕಂಪನಿಗೆ ಫ್ರೀಜ್ ಆಗಿರುವ ಪತ್ರ ಕಳಿಸಿ ಬೇರೆ ಖಾತೆಯಿಂದ ಕೈಯಾರೆ ಕಟ್ಟಿ. ಕಚೇರಿಯಲ್ಲಿ ಹೇಳಿ ಮುಂದಿನ ಸಂಬಳ ಬೇರೆ ಬ್ಯಾಂಕಿಗೆ ಬರುವಂತೆ ಮಾಡಿಕೊಳ್ಳಿ. ಇದು ಕಾನೂನುಬದ್ಧ. ಆ ಹೊಸ ಖಾತೆಗೆ ಆಟದ ಒಂದು ರೂಪಾಯಿಯೂ ಬರಬಾರದು, ಮನೆಯವರ ಖಾತೆಗೂ ಬರಬಾರದು. ಹೆಂಡತಿಯ ಅಥವಾ ತಾಯಿಯ ಖಾತೆ ಕೊಟ್ಟು ವಿತ್‌ಡ್ರಾ ಮಾಡಿಸಿದವರ ಮನೆಯಲ್ಲಿ ಎಲ್ಲರ ಖಾತೆಯೂ ಒಂದೇ ವಾರದಲ್ಲಿ ಕಟ್ಟಿಕೊಂಡು ಕೂರುತ್ತದೆ.

ಈಗ ಸ್ಕ್ರಿಲ್. ಲಂಡನ್ನಿನ ಸ್ನೇಹಿತರು ಹೇಳಿದ್ದು ಅವರ ಊರಿಗೆ ಸರಿ. ಬ್ರಿಟನ್ನಿನಲ್ಲಿ ಜೂಜಿನ ಕಂಪನಿಗಳಿಗೆ ಲೈಸೆನ್ಸ್ ಇದೆ, ಸ್ಕ್ರಿಲ್, ನೆಟೆಲ್ಲರ್ ಅಲ್ಲಿ ಮಾಮೂಲು. ಅಲ್ಲೂ 2020ರ ಏಪ್ರಿಲ್ 14ರಿಂದ ಕ್ರೆಡಿಟ್ ಕಾರ್ಡಿನಿಂದ ಜೂಜಾಡುವಂತಿಲ್ಲ, ವ್ಯಾಲೆಟ್ ಮೂಲಕ ಸುತ್ತಿಸಿ ಆಡುವುದಕ್ಕೂ ಆ ನಿಷೇಧ ಅನ್ವಯ. ನಮ್ಮ ದೇಶದಿಂದ ಲಾಟರಿ, ಸ್ವೀಪ್‌ಸ್ಟೇಕ್, ಫುಟ್‌ಬಾಲ್ ಪೂಲ್‌ನಂಥವಕ್ಕೆ ವಿದೇಶಕ್ಕೆ ಹಣ ಕಳಿಸುವುದು ಫೆಮಾ ನಿಯಮಗಳ ಮೊದಲ ಷೆಡ್ಯೂಲ್‌ನಲ್ಲೇ ನಿಷಿದ್ಧ. ಫೆಮಾ ಉಲ್ಲಂಘನೆಗೆ ದಂಡ ಮೊತ್ತದ ಮೂರು ಪಟ್ಟಿನವರೆಗೆ. ವ್ಯಾಲೆಟ್ ಮಧ್ಯೆ ಬಂದ ಮಾತ್ರಕ್ಕೆ ಉದ್ದೇಶ ಬದಲಾಗುವುದಿಲ್ಲ.

ಕಾರ್ಡ್ ಯಾಕೆ ಡಿಕ್ಲೈನ್ ಆಗುತ್ತದೆ ಅಂತಲೂ ಕೇಳಿದ್ದೀರಿ. ಪ್ರತಿ ವ್ಯಾಪಾರಿಗೂ ನಾಲ್ಕು ಅಂಕಿಯ ವರ್ಗಸಂಖ್ಯೆ ಇರುತ್ತದೆ, ಜೂಜಿಗೆ 7995. ಬ್ಯಾಂಕಿನ ಸರ್ವರ್ ಆ ಸಂಖ್ಯೆ ಕಂಡರೆ ತಿರಸ್ಕರಿಸುತ್ತದೆ. ವ್ಯಾಲೆಟ್ ತುಂಬಿಸಿದರೆ 6051ರಂಥ ‘ನಗದಿಗೆ ಸಮ’ ಅನ್ನುವ ಸಂಖ್ಯೆ ಬರಬಹುದು, ಆಗ ಕ್ರೆಡಿಟ್ ಕಾರ್ಡಿನಲ್ಲಿ ಅದು ಖರೀದಿ ಅಲ್ಲ, ನಗದು ಮುಂಗಡ ಆಗುತ್ತದೆ. 10,000 ರೂಪಾಯಿಗೆ ಒಂದು ಉದಾಹರಣೆ ನೋಡಿ: ವಿದೇಶಿ ವ್ಯವಹಾರದ ಮಾರ್ಕ್‌ಅಪ್ ಶೇ 3.5 ಇದ್ದರೆ 350, ಅದಕ್ಕೆ ಜಿಎಸ್‌ಟಿ 63. ನಗದು ಮುಂಗಡದ ಶುಲ್ಕ ಕನಿಷ್ಠ 500 ಇದ್ದರೆ ಜಿಎಸ್‌ಟಿ ಸೇರಿ 590. ತಿಂಗಳಿಗೆ ಶೇ 3.5 ಬಡ್ಡಿ ಮೊದಲ ದಿನದಿಂದಲೇ, ಅಂದರೆ ತಿಂಗಳಿಗೆ 350. ಒಟ್ಟು 1,353. ವ್ಯಾಲೆಟ್‌ನವರ ಸ್ವಂತ ಲೋಡಿಂಗ್ ಶುಲ್ಕ, ಕರೆನ್ಸಿ ಬದಲಾವಣೆಯ ಕಡಿತ, ಬಳಸದೆ ಬಿಟ್ಟರೆ ತಿಂಗಳಿಗಿಷ್ಟು ಅಂತ ತಿನ್ನುವ ನಿಷ್ಕ್ರಿಯತಾ ಶುಲ್ಕ ಇದರಲ್ಲಿ ಸೇರಿಲ್ಲ. ಬೆಟ್ಟು ಗೆಲ್ಲಲಿ ಸೋಲಲಿ, ಒಂದು ತಿಂಗಳಲ್ಲಿ ಶೇ 13ಕ್ಕಿಂತ ಹೆಚ್ಚು ಹೋಗಿರುತ್ತದೆ. ವಿಪಿಎನ್ ಹಾಕಿ ಲಾಗಿನ್ ಆದರೆ, ಹೆಸರಿನ ಸ್ಪೆಲ್ಲಿಂಗ್ ಬ್ಯಾಂಕಿನದಕ್ಕೆ ತಾಳೆಯಾಗದಿದ್ದರೆ ವ್ಯಾಲೆಟ್ ಕೂಡ ಖಾತೆ ತಡೆಹಿಡಿಯುತ್ತದೆ, ಆಗ ದೂರು ಹೇಳಿಕೊಳ್ಳಲು ಇಲ್ಲಿ ಯಾವ ಬಾಗಿಲೂ ಇಲ್ಲ. ಯುಎಸ್‌ಡಿಟಿ ಕ್ರಿಪ್ಟೋದಲ್ಲಿ ತೆಗೆದು ಇಲ್ಲಿ ಮಾರುವ ದಾರಿಯೂ ಹಾಗೇ: ಕೊಳ್ಳುವವನು ಯಾರೋ ಅಪರಿಚಿತ, ಅವನ ದುಡ್ಡು ಎಲ್ಲಿಂದ ಬಂತೋ, ಫ್ರೀಜ್ ಮತ್ತೆ ನಿಮ್ಮ ಖಾತೆಗೆ.

ಹೋದ ದುಡ್ಡು ವಾಪಸ್ ತರಲು ಇನ್ನೊಂದು ಸೈಟು ಹುಡುಕುವ ಮನಸ್ಸು ಈ ಹೊತ್ತಿನಲ್ಲಿ ಬರುವುದು ಸಹಜ. ಅದು ಬಂದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನವರಾದರೆ ನಿಮ್ಹಾನ್ಸ್‌ನಲ್ಲಿ ಶಟ್ ಕ್ಲಿನಿಕ್ ಇದೆ, ಮೊಬೈಲ್ ಮತ್ತು ಆನ್‌ಲೈನ್ ಗೀಳಿಗೆಂದೇ ಇರುವುದು.

ತನಿಖಾಧಿಕಾರಿ ಒಪ್ಪಿದ ಮೇಲೂ ಕೆಲಸ ಅಲ್ಲಿಗೇ ಮುಗಿಯುವುದಿಲ್ಲ. ಫೋನಿನಲ್ಲಿ ‘ಆಯ್ತು ಬಿಡ್ತೀವಿ’ ಅಂದದ್ದಕ್ಕೆ ಬ್ಯಾಂಕು ಬೀಗ ತೆಗೆಯುವುದಿಲ್ಲ. ಪತ್ರ ಅವರ ಅಧಿಕೃತ ಮೇಲಿನಿಂದ ಬ್ಯಾಂಕಿನ ನೋಡಲ್ ಅಧಿಕಾರಿಗೆ ಹೋಗಬೇಕು, ಅದರಲ್ಲಿ ನಿಮ್ಮ ಖಾತೆ ಸಂಖ್ಯೆ ಮತ್ತು ಅದೇ ಅಕ್ನಾಲೆಡ್ಜ್‌ಮೆಂಟ್ ನಂಬರು ಇರಬೇಕು. ಅದರ ಪ್ರತಿ ನಿಮಗೂ ಹಾಕಲು ಕೇಳಿಕೊಳ್ಳಿ. ಬ್ರಾಂಚಿಗೆ ಹೋದಾಗ ಇನ್ನೊಂದು ಪ್ರಶ್ನೆ ಮರೆಯಬೇಡಿ: ಈ ಖಾತೆಯ ಮೇಲೆ ಬೇರೆ ದೂರುಗಳೂ ಇವೆಯಾ? ಒಂದೇ ಬಾಡಿಗೆ ಖಾತೆಯಿಂದ ಮೋಸಹೋದವರು ಹಲವರಿದ್ದರೆ ಎರಡು ಮೂರು ರಾಜ್ಯಗಳಿಂದ ತಡೆ ಬಂದಿರುತ್ತದೆ, ಆಗ ಪ್ರತಿಯೊಂದು ನಂಬರಿಗೂ ಬೇರೆ ಬೇರೆ ಬಿಡುಗಡೆ ಪತ್ರ ಬೇಕು.