ಗಿರಿಯ ದಾರಿಯಲ್ಲೇ ಕಳೆದುಹೋದ ರಜೆ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಹಿರಿಯೂರಿನಿಂದ ತಾವು ಬರೆದ ಪತ್ರ ತಲುಪಿದೆ. ಆಯುಧಪೂಜೆಯ ರಜೆಗೆ ವಾರದ ರಜೆಯೂ ಸೇರಿಕೊಂಡಿದ್ದರಿಂದ ಮನೆಮಂದಿಯನ್ನೆಲ್ಲ ಕರೆದುಕೊಂಡು ನಸುಕಿನ ಮೂರು ಗಂಟೆಗೇ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಗೆ ಹೊರಟಿರಿ. ಗಿರಿಯ ಬುಡದ ಕೈಮರ ದಾಟಿದ ಮೇಲೆ ನಾಲ್ಕು ಗಂಟೆ ರಸ್ತೆಯಲ್ಲೇ ನಿಂತು, ದಾರಿಯಲ್ಲಿ ಮೊದಲು ಸಿಗುವ ಸೀತಾಳಯ್ಯನಗಿರಿಯನ್ನೂ ಮುಟ್ಟಲಾಗದೆ, ಮಂಜನ್ನೂ ಮುಂದಿನ ಕಾರಿನ ಕೆಂಪು ದೀಪವನ್ನೂ ನೋಡಿಕೊಂಡು ಹಿಂದಿರುಗಿದಿರಿ. ಶೌಚಾಲಯ ಸಿಗದೆ ಮನೆಯ ಹೆಣ್ಣುಮಕ್ಕಳು ಪಟ್ಟ ಪಾಡನ್ನೂ ಬರೆದಿದ್ದೀರಿ. ಇಂಥ ಜಾಗಗಳ ಚೆಲುವನ್ನಷ್ಟೇ ಬರೆಯುವ ಪತ್ರಿಕೆ ಈ ಪಾಡನ್ನೇಕೆ ಬರೆಯುವುದಿಲ್ಲ ಎಂಬುದು ತಮ್ಮ ಮೊದಲ ಪ್ರಶ್ನೆ. ವಾಹನಗಳಿಗೆ ಮುಂಗಡ ನೋಂದಣಿ, ದಿನಕ್ಕಿಷ್ಟೇ ಎಂಬ ಮಿತಿ ಎಲ್ಲ ಇದ್ದರೆ, ವರ್ಷಕ್ಕೆ ಮೂರು ದಿನ ಬಿಡುವು ಸಿಗುವ ನಮ್ಮಂಥವರು ಬೆಟ್ಟ ನೋಡುವುದು ಯಾವಾಗ ಎಂಬುದು ಎರಡನೆಯದು.

ಮೊದಲನೆಯದರಲ್ಲಿ ತಪ್ಪು ನಮ್ಮದೇ. ಗಿರಿಯ ಎತ್ತರ 1,930 ಮೀಟರ್, ರಾಜ್ಯದಲ್ಲೇ ಅತಿ ಎತ್ತರದ ಶಿಖರ, ಸೂರ್ಯೋದಯ ನೋಡಬೇಕಾದ ಜಾಗ ಎಂದೆಲ್ಲ ನಮ್ಮ ಪುಟಗಳಲ್ಲಿ ಅಚ್ಚಾಗಿದೆ. ಕೊನೆಯ ಕೆಲವು ಕಿಲೋಮೀಟರ್‌ಗಳಲ್ಲಿ ಎದುರಿನಿಂದ ಒಂದು ಕಾರು ಬಂದರೆ ಇಬ್ಬರಲ್ಲಿ ಒಬ್ಬರು ತಿರುವಿನವರೆಗೆ ಹಿಂದಕ್ಕೆ ಹೋಗಬೇಕಾಗುತ್ತದೆ, ಹತ್ತಿದ ದಾರಿಯಲ್ಲೇ ಇಳಿಯಬೇಕು ಎಂಬ ಮಾತನ್ನು ನಾವು ಬರೆಯಲಿಲ್ಲ. ಇಂಥದ್ದೇ ಒಂದು ರಜೆಯ ಭಾನುವಾರ ನಾನೂ ಆ ಏರಿನಲ್ಲಿ ಸಿಕ್ಕಿಕೊಂಡಿದ್ದೆ. ಇಂಚಿಂಚೇ ಸರಿಯುವ ಕಾರುಗಳ ಸಾಲಿನಲ್ಲಿ ಕ್ಲಚ್ ಸುಟ್ಟ ವಾಸನೆ ಹರಡಿತ್ತು. ಬಸ್ಸು ಮೇಲೆ ಬರಲಾಗದೆ, ಕಾಫಿ ತೋಟದ ಕೆಲಸ ಮುಗಿಸಿದ ಹೆಂಗಸರು ಬುತ್ತಿಯ ಚೀಲ ಹೆಗಲಿಗೆ ಹಾಕಿಕೊಂಡು, ಕಾರುಗಳ ಕನ್ನಡಿಗೆ ಮೈ ತಾಗದಂತೆ ಓರೆಯಾಗಿ ನಡೆದು ಅತ್ತಿಗುಂಡಿಯ ಕಡೆಗೆ ಹೋಗುತ್ತಿದ್ದರು. ಆ ನೋಟವನ್ನು ಆಗಲೇ ಬರೆಯಬೇಕಿತ್ತು. ಬರೆಯದೆ ಹೋದದ್ದಕ್ಕೆ ತಮ್ಮ ಕುಟುಂಬದ ಮುಂದೆ ಕ್ಷಮೆ ಕೇಳುತ್ತೇನೆ.

ಎರಡನೆಯ ಪ್ರಶ್ನೆಯಲ್ಲಿ ಮಾತ್ರ ನಾನು ತಮ್ಮೊಡನೆ ಪೂರ್ತಿ ಒಪ್ಪಲಾರೆ. ಮಿತಿ ಬೇಕು ಎಂದು ಹಿರಿಯೂರಿನವರಿಗೆ ಹೇಳುವುದಕ್ಕೆ ನನಗೆ ಬೇರೆಯವರಿಗೆ ಹೇಳುವುದಕ್ಕಿಂತ ಹೆಚ್ಚಿನ ಕಾರಣವಿದೆ. ಈ ಗಿರಿಸಾಲಿನಲ್ಲಿ ಹುಟ್ಟುವ ವೇದಾ ಮತ್ತು ಅವತಿ ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗಿ, ತಮ್ಮೂರಿನ ಮಾರಿಕಣಿವೆಗೆ, ಅಂದರೆ 1907ರಲ್ಲಿ ಕಟ್ಟಿ ಮುಗಿದ ವಾಣಿವಿಲಾಸ ಸಾಗರಕ್ಕೆ ಬಂದು ಸೇರುತ್ತವೆ. 1933ರ ಬಳಿಕ 2022ರಲ್ಲಿ ಆ ಜಲಾಶಯ ಕೋಡಿ ಬಿದ್ದಾಗ ಊರಿಗೆ ಊರೇ ನೋಡಲು ಹೋಗಿದ್ದುದು ತಮಗೆ ನೆನಪಿರಬಹುದು. ಗಿರಿಯ ಇಳಿಜಾರಿನ ಹುಲ್ಲು ತೆಳುವಾದ ಮಣ್ಣನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಳೆನೀರು ಅಲ್ಲಿ ಇಂಗಿ, ಕಣಿವೆಯ ಶೋಲಾ ಕಾಡುಗಳೊಳಗೆ ಜಿನುಗಿ, ಮಳೆಗಾಲ ಕಳೆದು ಎಷ್ಟೋ ದಿನಗಳಾದರೂ ಹಳ್ಳವಾಗಿ ಹರಿಯುತ್ತದೆ. ರಸ್ತೆಯಲ್ಲಿ ಜಾಗವಿಲ್ಲವೆಂದು ಕಾರೊಂದು ಟಾರು ಬಿಟ್ಟು ಹುಲ್ಲಿನ ಮೇಲೆ ಇಳಿದರೆ ಅಲ್ಲಿನ ಮಣ್ಣು ಗಟ್ಟಿಯಾಗುತ್ತದೆ, ಹುಲ್ಲು ಸಾಯುತ್ತದೆ, ಮುಂದಿನ ಮಳೆಗೆ ನೀರು ಚಕ್ರದ ಜಾಡನ್ನೇ ಹಿಡಿದು ಹರಿದು ಕೊರಕಲು ಬೀಳುತ್ತದೆ. ಹಾಗೆ ಹರಿದ ನೀರು ಇಂಗುವುದಿಲ್ಲ. ಮಣ್ಣನ್ನು ಹೊತ್ತುಕೊಂಡು ಒಂದೇ ಸಲಕ್ಕೆ ಇಳಿದುಹೋಗುತ್ತದೆ.

ಆದರೂ ತಮ್ಮ ಪ್ರಶ್ನೆಯಲ್ಲಿ ನ್ಯಾಯವಿದೆ. ಮಂಗಳವಾರ ಬನ್ನಿ, ಬುಧವಾರ ಬನ್ನಿ ಎಂದು ಉಪದೇಶ ಮಾಡುವುದು ಸುಲಭ. ಅಂಗಡಿ ನಡೆಸುವವರಿಗೆ, ಕಾರ್ಖಾನೆಯಲ್ಲಿ ದುಡಿಯುವವರಿಗೆ, ಶಾಲೆಗೆ ಹೋಗುವ ಮಕ್ಕಳಿಗೆ ರಜೆ ಇರುವುದು ರಜೆಯ ದಿನವೇ. ನಾನು ಕೇಳುವುದಿಷ್ಟು: ಮಿತಿ ಇರಲಿ, ಅದನ್ನು ಕಾರುಗಳ ಲೆಕ್ಕದಲ್ಲಿ ಹಾಕಿ ಕೈಬಿಡಬಾರದು. ಐವತ್ತು ಜನರನ್ನು ಕೂರಿಸಿಕೊಳ್ಳುವ ಒಂದು ಬಸ್ಸಿನ ಬದಲು ಹನ್ನೆರಡು ಕಾರು ಮೇಲೆ ಹೋಗುತ್ತಿವೆ. ರಜೆಯ ದಿನಗಳಲ್ಲಿ ಹೊರಗಿನ ಕಾರುಗಳನ್ನು ಪೇಟೆಯ ಬಳಿಯೇ ನಿಲ್ಲಿಸಿ, ಆ ತಿರುವುಗಳಿಗೆ ಒಗ್ಗುವ ಚಿಕ್ಕ ಬಸ್ಸುಗಳನ್ನು ಬಿಟ್ಟರೆ, ನೋಂದಣಿ ಮಾಡಲು ತಿಳಿಯದವರೂ ಸ್ವಂತ ಕಾರಿಲ್ಲದವರೂ ಗಿರಿಯನ್ನು ನೋಡಬಹುದು. ಊಟಿ ಮತ್ತು ಕೊಡೈಕೆನಾಲ್‌ಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಲ್ಲಿ ಇ-ಪಾಸ್ ಬಂತು. 2025ರ ಬೇಸಿಗೆಯಲ್ಲಿ ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನ ಎಂಬ ಮಿತಿಯೂ ಬಂತು. ಅಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೋಗುವವರಿಗೆ ಈ ಪಾಸಿನ ಗೊಡವೆಯಿಲ್ಲ. ನಮ್ಮ ಗಿರಿಗೂ ಆ ಬಗೆಯ ಏರ್ಪಾಡು ಸಲ್ಲುತ್ತದೆ.

ನಡೆದು ಹೋಗುವ ಜಾಗಗಳಲ್ಲಿ ಜನರ ಸಂಖ್ಯೆಗೇ ಮಿತಿ ಬೇಕಾಗುತ್ತದೆ ಎಂಬುದನ್ನೂ ಮರೆಮಾಚುವುದಿಲ್ಲ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ಕಾಲುದಾರಿಯಲ್ಲಿ ಸಾವಿರಾರು ಮಂದಿ ಜಾತ್ರೆಯಂತೆ ಸೇರಿದ ಬಳಿಕವೇ ಅರಣ್ಯ ಇಲಾಖೆ ಚಾರಣಕ್ಕೆ ಮುಂಗಡ ನೋಂದಣಿಯನ್ನು ಕಡ್ಡಾಯ ಮಾಡಿತು.

ಇನ್ನು ತಮ್ಮ ಮುಂದಿನ ರಜೆಯ ಮಾತು. ಹೊಸದುರ್ಗ, ಕಡೂರು ದಾಟಿ ಸಖರಾಯಪಟ್ಟಣದ ಮೇಲೆ ಬಂದೆವು ಎಂದು ಬರೆದಿದ್ದೀರಿ. ಹಾಗಾದರೆ ಅಯ್ಯನಕೆರೆಯ ತಿರುವನ್ನು ಕತ್ತಲಲ್ಲೇ ದಾಟಿ ಹೋಗಿದ್ದೀರಿ. ಗಿರಿಯಿಂದ ಇಳಿದ ವೇದಾ ಹೊಳೆಗೆ ಕಟ್ಟಿದ ಕೆರೆ ಅದು. ಹಿಂದೆ ಶಕುನಗಿರಿ, ಅದರಾಚೆ ಗಿರಿಸಾಲಿನ ನೀಲಿ ಅಂಚು. ಮಳೆಗಾಲ ಮುಗಿದು ಕೆರೆ ತುಂಬಿರುವಾಗ ಬೆಳಗಿನ ಹೊತ್ತು ಏರಿಯ ಮೇಲೆ ನಿಂತರೆ ಬೆಟ್ಟ ತಲೆಕೆಳಗಾಗಿ ನೀರಿನಲ್ಲಿ ಕಾಣುತ್ತದೆ. ಗಿರಿಯ ನೋಂದಣಿ ಸಿಗದ ದಿನ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಬನ್ನಿ. ತಮ್ಮ ಮಾರಿಕಣಿವೆಗೆ ಬರುವ ನೀರು ದಾರಿಯಲ್ಲಿ ಎಲ್ಲಿ ತಂಗುತ್ತದೆ ಎಂಬುದನ್ನು ಮಕ್ಕಳಿಗೆ ತೋರಿಸಬಹುದು.

ಮುಂದಿನ ಸಂಚಿಕೆಯಿಂದ ನಮ್ಮ ಪ್ರತಿ ಪ್ರವಾಸ ಲೇಖನದ ಜೊತೆಗೆ ರಸ್ತೆಯ ಅಗಲ, ಬಸ್ಸಿನ ವೇಳೆ, ಶೌಚಾಲಯ ಇರುವ ಜಾಗ, ನೋಂದಣಿಯ ನಿಯಮ ಇವಿಷ್ಟೂ ಇರುತ್ತವೆ. ಇವನ್ನು ವಿಚಾರಿಸಿ ತಿಳಿಯದೆ ಬರೆದ ಲೇಖನವನ್ನು ಅಚ್ಚು ಮಾಡುವುದಿಲ್ಲ. ಬಸ್ಸು ಮತ್ತು ಶೌಚಾಲಯದ ಬೇಡಿಕೆಯನ್ನು ಪತ್ರಿಕೆಯ ಪರವಾಗಿ ಚಿಕ್ಕಮಗಳೂರು ಜಿಲ್ಲಾಡಳಿತಕ್ಕೆ ಬರೆಯುತ್ತಿದ್ದೇವೆ. ತಾವು ಒಪ್ಪಿದರೆ, ಹೆಸರನ್ನು ತೆಗೆದು, ತಮ್ಮ ಪತ್ರದ ಪ್ರತಿಯನ್ನೂ ಅದರ ಜೊತೆಗೆ ಇಡಬೇಕೆಂದಿದ್ದೇನೆ. ಒಂದು ಸಾಲಿನಲ್ಲಿ ತಿಳಿಸಿದರೆ ಸಾಕು.

ಇತಿ,
ಸಂಪಾದಕ