ಹೆಸರಷ್ಟೇ ಉಳಿದ ಮುತ್ತಜ್ಜ

ಪ್ರಶ್ನೆ: ನನ್ನ ಮುತ್ತಜ್ಜ ಸಾಮಾನ್ಯ ಕೃಷಿಕರಾಗಿದ್ದರು. ಹೆಸರೊಂದನ್ನು ಬಿಟ್ಟರೆ ಅವರ ಬಗ್ಗೆ ನಮಗೇನೂ ತಿಳಿದಿಲ್ಲ. ಅವರ ವಂಶವೃಕ್ಷವನ್ನು ರಚಿಸಲು ಎಲ್ಲಿಂದ ಆರಂಭಿಸಬೇಕು?

ಉತ್ತರ: ಮುತ್ತಜ್ಜನಿಂದಲ್ಲ, ನಿಮ್ಮಿಂದಲೇ ಆರಂಭಿಸಿ. ತಿಳಿದಿರುವ ತಲೆಮಾರಿನಿಂದ ತಿಳಿಯದ ತಲೆಮಾರಿಗೆ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ, ಪ್ರತಿಯೊಂದು ಸಂಬಂಧಕ್ಕೂ ಆಧಾರವೇನೆಂದು ಬರೆದಿಟ್ಟುಕೊಳ್ಳಬೇಕು. ಕಡತಗಳನ್ನು ಹುಡುಕುವ ಮೊದಲು ಮನೆಯ ಹಿರಿಯರನ್ನು ಮಾತನಾಡಿಸಿ.

ಸಾಮಾನ್ಯರ ಚರಿತ್ರೆಯನ್ನು ಯಾರೂ ಬರೆಯದಿದ್ದರೂ ಭೂಮಿ, ತೆರಿಗೆ, ಸಾಲ, ಮದುವೆ, ಮರಣಗಳ ನೆಪದಲ್ಲಿ ಅವರ ಹೆಸರು ಯಾವುದೋ ದಾಖಲೆಯನ್ನು ಸೇರಿರಬಹುದು. ಅದರಲ್ಲೂ ಆಸ್ತಿ ಪಾಲಾದಾಗಿನ ಪತ್ರಗಳಲ್ಲಿ ತಂದೆ, ಸಹೋದರರು, ಕೆಲವೊಮ್ಮೆ ವಿಧವೆಯಾದ ಪತ್ನಿಯ ಹೆಸರೂ ಒಟ್ಟಿಗೆ ಸಿಗುವುದರಿಂದ, ನನ್ನ ಅಭಿಪ್ರಾಯದಲ್ಲಿ ಅವುಗಳಿಗಿಂತ ಉಪಯುಕ್ತವಾದ ಆಕರ ವಿರಳ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ಕುಟುಂಬಗಳಲ್ಲಿ ಮಾತ್ರ ಇಬ್ಬರನ್ನು ಒಬ್ಬರೆಂದು ಭ್ರಮಿಸುವ ಅಪಾಯವಿದೆ. ಒಂದು ತಲೆಮಾರಿಗೆ ಸುಮಾರು 25ರಿಂದ 30 ವರ್ಷಗಳೆಂದು ಲೆಕ್ಕ ಹಾಕಿದರೆ ಇಂತಹ ಗೊಂದಲ ಬಹುಮಟ್ಟಿಗೆ ಬಯಲಾಗುತ್ತದೆ. ಹಳೆಯ ದಾಖಲೆಗಳಲ್ಲಿನ ವಯಸ್ಸನ್ನು, ಅದು ಎಷ್ಟೇ ಖಚಿತವಾಗಿ ಕಂಡರೂ, ಅಂದಾಜೆಂದೇ ಭಾವಿಸಿ.

ಮುತ್ತಜ್ಜ, ಮುತ್ತಜ್ಜಿಯರ ತಲೆಮಾರಿನಲ್ಲಿ ನಿಮಗೆ 8 ಪೂರ್ವಜರಿರುತ್ತಾರೆ. ಹತ್ತು ತಲೆಮಾರು ಹಿಂದೆ ಸರಿದರೆ 1,024 ಸ್ಥಾನಗಳಾಗುತ್ತವೆ. ಆದ್ದರಿಂದ ನಿಮಗೆ 1 ಎಂಬ ಸಂಖ್ಯೆ ಕೊಟ್ಟುಕೊಂಡು, ಪ್ರತಿಯೊಬ್ಬರ ತಂದೆಗೆ ಅವರ ಸಂಖ್ಯೆಯ ಇಮ್ಮಡಿಯನ್ನೂ ತಾಯಿಗೆ ಅದಕ್ಕಿಂತ ಒಂದು ಹೆಚ್ಚನ್ನೂ ನೀಡುತ್ತ ಹೋಗಿ.