ಏಜೆಂಟರಿಲ್ಲದೆ ವಿಯೆಟ್ನಾಂ: ಊಟ, ವೀಸಾ, ಮಳೆ, ರೈಲು – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ಯಾಕೇಜ್ ಟೂರ್ ಬಿಟ್ಟು ಸ್ವಂತವಾಗಿ ವಿಯೆಟ್ನಾಂಗೆ ಹೋಗಿಬರುವ ಬಗ್ಗೆ, ಅಲ್ಲಿನ ಅಡುಗೆಯ ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ನಮ್ಮ ಮನ್ಯಾಗ ಎಲ್ಲಾರೂ ಪಕ್ಕಾ ಸಸ್ಯಾಹಾರಿಗಳ್ರಿ. ಮೀನಿನ ವಾಸನಿ ಸುದ್ದಾ ಆಗಂಗಿಲ್ಲ. ಎಂಟು ದಿನ ಹೊಟ್ಟಿಗೆ ಏನ್ ಮಾಡೋದ್ರಿ? ಇಂಡಿಯನ್ ಹೋಟೆಲ್ ಹುಡುಕ್ಕೋತ ತಿರುಗೋದ ಗತಿ ಏನ್ರಿ?
– ಗಂಗಾವತಿಯ ಓದುಗರು

ಇಂಡಿಯನ್ ಹೋಟೆಲಿನ ಬೆನ್ನು ಹತ್ತಬೇಕಾಗಿಲ್ಲ. ಮಾಂಸ, ಮೀನು ಇಲ್ಲದ ಊಟಕ್ಕೆ ವಿಯೆಟ್ನಾಂನಲ್ಲಿ ‘ಚಾಯ್’ ಎನ್ನುತ್ತಾರೆ. ಬೌದ್ಧ ಸಂಪ್ರದಾಯದಿಂದ ಬಂದದ್ದು. ‘ಕ್ವಾನ್ ಚಾಯ್’, ‘ಕಮ್ ಚಾಯ್’ ಎಂಬ ಬೋರ್ಡಿನ ಸಣ್ಣ ಹೋಟೆಲುಗಳು ಪ್ರತಿ ಪಟ್ಟಣದಲ್ಲೂ ಸಿಗುತ್ತವೆ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಯಂದು ಮಾಂಸ ತಿನ್ನುವ ಮನೆಗಳಲ್ಲೂ ಅನೇಕರು ಚಾಯ್ ಊಟ ಮಾಡುತ್ತಾರೆ. ಆ ಎರಡು ದಿನ ಬೀದಿಯಂಗಡಿಗಳಲ್ಲೂ ಆಯ್ಕೆ ಹೆಚ್ಚು. ಹಳೆಯ ರಾಜಧಾನಿ ಹ್ವೇ ಈ ಅಡುಗೆಗೇ ಹೆಸರಾದ ಊರು. ಸಸ್ಯಾಹಾರಿ ಕುಟುಂಬಕ್ಕೆ ನಾವು ಮೊದಲು ಹೇಳುವುದು ಅದನ್ನೇ.

ಚಾಯ್ ಹೋಟೆಲಿನ ಗಾಜಿನ ಪೆಟ್ಟಿಗೆಯಲ್ಲಿ ಮೀನು, ಕೋಳಿಯಂತೆ ಕಾಣುವ ತುಂಡುಗಳಿದ್ದರೆ ಗಾಬರಿಯಾಗಬೇಡಿ. ಅವು ಸೋಯಾ ಅಥವಾ ಗೋಧಿಯ ಅಂಟಿನಿಂದ ಮಾಡಿದವು. ಕಟ್ಟುನಿಟ್ಟಿನ ಕೆಲವು ಹೋಟೆಲುಗಳಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿಯೂ ಇರುವುದಿಲ್ಲ. ಮೊಟ್ಟೆಯ ವಿಷಯ ಮಾತ್ರ ಹೋಟೆಲಿಗೊಂದು ರೀತಿ, ಆದ್ದರಿಂದ ಅದನ್ನು ಬೇರೆಯಾಗಿಯೇ ಕೇಳಬೇಕು. ಅಲ್ಲಿ ಅದಕ್ಕೆ ‘ಚುಂಗ್’ ಎನ್ನುತ್ತಾರೆ.

ಎಡವಟ್ಟಾಗುವುದು ಸಾಮಾನ್ಯ ಹೋಟೆಲಿನಲ್ಲಿ. ‘ಬರೀ ತರಕಾರಿ ಕೊಡಿ’ ಎಂದರೆ ತರಕಾರಿಯನ್ನೇ ಕೊಡುತ್ತಾರೆ, ಆದರೆ ಅದನ್ನು ಬೇಯಿಸಿದ ರಸ ಮೂಳೆಯದ್ದಾಗಿರುತ್ತದೆ. ತರಕಾರಿ ‘ಫೋ’ (ಅಕ್ಕಿ ಶಾವಿಗೆಯ ಸೂಪು) ಎಂದು ಬರೆದಿದ್ದರೂ ಎಷ್ಟೋ ಕಡೆ ದನದ ಅಥವಾ ಕೋಳಿಯ ಮೂಳೆ ಕುದಿಸಿದ ಅದೇ ಪಾತ್ರೆಯ ರಸಕ್ಕೆ ಮೇಲೆ ಕ್ಯಾರೆಟ್, ಅಣಬೆ ಹಾಕಿರುತ್ತಾರೆ. ಸೊಪ್ಪಿನ ಪಲ್ಯಕ್ಕೆ ಸಿಂಪಿಯಿಂದ ಮಾಡಿದ ಆಯ್ಸ್ಟರ್ ಸಾಸ್ ಬೀಳುತ್ತದೆ. ಕಣ್ಣಿಗೇ ಬೀಳದ್ದು ‘ಹತ್ ನೆಮ್’ ಎಂಬ ಹರಳು ಮಸಾಲೆ. ಉಪ್ಪಿನ ಹಾಗೆ ಎಲ್ಲದಕ್ಕೂ ಉದುರಿಸುವ ಈ ಪುಡಿಯನ್ನು ಸಾಮಾನ್ಯವಾಗಿ ಹಂದಿಯ ಮಾಂಸ, ಮೂಳೆಯ ಸಾರದಿಂದ ಮಾಡಿರುತ್ತಾರೆ (ಅಣಬೆಯ ಹತ್ ನೆಮ್ ಕೂಡ ಇದೆ, ಚಾಯ್ ಅಡುಗೆಮನೆಗಳಲ್ಲಿ ಅದನ್ನು ಬಳಸುತ್ತಾರೆ). ಬಾನ್ ಮಿ ಬ್ರೆಡ್ಡಿಗೆ ಒಳಗೆ ಮೊದಲು ಸವರುವುದು ಲಿವರ್ ಪೇಸ್ಟ್. ತರಕಾರಿ ತುಂಬುವುದು ಅದರ ಮೇಲೆ.

ಬಾಯಲ್ಲಿ ಹೇಳಿ ತಿಳಿಸುವುದು ಕಷ್ಟ, ಸ್ವರ ಏರಿಳಿದರೆ ಅರ್ಥವೇ ಬದಲಾಗುವ ಭಾಷೆ ಅದು. ‘ನಾವು ಚಾಯ್ ಊಟದವರು. ಮಾಂಸ, ಮೀನು, ಮೊಟ್ಟೆ, ಮೀನಿನ ಸಾಸ್, ಆಯ್ಸ್ಟರ್ ಸಾಸ್, ಮೂಳೆ ರಸ, ಮಾಂಸದ ಹತ್ ನೆಮ್ ಬೇಡ’ ಎಂಬುದನ್ನು ವಿಯೆಟ್ನಾಮಿಗೆ ಅನುವಾದಿಸಿ, ಮೊಬೈಲಿನಲ್ಲಿ ಫೋಟೋ ಮಾಡಿ ಇಟ್ಟುಕೊಳ್ಳಿ. ನೆಟ್ ಇಲ್ಲದಿದ್ದರೂ ತೋರಿಸಬಹುದು. ‘ವೆಜಿಟೇರಿಯನ್’ ಎಂಬ ಪದಕ್ಕಿಂತ ‘ಚಾಯ್’ ಎಂದು ಬರೆದದ್ದು ಅವರಿಗೆ ಪಟ್ಟನೆ ತಿಳಿಯುತ್ತದೆ. ಹಾ ಲಾಂಗ್ ಕೊಲ್ಲಿಯ ಹಡಗಿನಲ್ಲಿ ಉಳಿಯುವುದಾದರೆ ಬುಕ್ ಮಾಡುವಾಗಲೇ ಹೇಳಿ. ಹತ್ತಿದ ಮೇಲೆ ಹೇಳಿದರೆ ಅನ್ನ, ಸೌತೆಕಾಯಿಯೇ ಗತಿ.

ಚಾಯ್ ಅಂಗಡಿಗಳು ರಾತ್ರಿ ಬೇಗ ಮುಚ್ಚುತ್ತವೆ, ಏಳರೊಳಗೆ ಹೋಗುವುದು ಒಳ್ಳೆಯದು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ಯಿರಿ. ಆದರೆ ದಿನಾ ಅದನ್ನೇ ತಿನ್ನಲಿಕ್ಕಲ್ಲ, ರೈಲು–ಬಸ್ಸಿನ ಉದ್ದ ಪ್ರಯಾಣದ ಹೊತ್ತಿಗೆ. ಪುಡಿಗಳನ್ನು ಚೆಕ್‌-ಇನ್ ಬ್ಯಾಗಿನಲ್ಲಿಡಿ. ಎಣ್ಣೆ ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ.

ದಸರಾ ರಜೆಯಲ್ಲಿ ಹತ್ತು ದಿನ ಸಿಗುತ್ತದೆ. ಹನೋಯ್, ಹೋಯ್ ಆನ್, ಸೈಗಾನ್ ಮೂರೂ ಮುಗಿಸಬಹುದೇ?
– ಸಿಂಧನೂರಿನ ಶಿಕ್ಷಕ ದಂಪತಿ

ದಸರೆಯಲ್ಲಾದರೆ ಹೋಯ್ ಆನ್ ಬಿಟ್ಟುಬಿಡಿ. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮಧ್ಯ ವಿಯೆಟ್ನಾಂನಲ್ಲಿ ಮಳೆ. ಸಮುದ್ರದ ಮೇಲಿಂದ ಬೀಸುವ ಈಶಾನ್ಯದ ಗಾಳಿಯನ್ನು ಚುಂಗ್ ಸೊನ್ ಬೆಟ್ಟಸಾಲು ತಡೆಯುವುದರಿಂದ ಅಷ್ಟೂ ನೀರು ಹ್ವೇ, ದಾ ನಾಂಗ್, ಹೋಯ್ ಆನ್ ಪಟ್ಟಿಯ ಮೇಲೇ ಸುರಿಯುತ್ತದೆ. ಸೈಕ್ಲೋನ್ ಬರುವ ಕಾಲವೂ ಅದೇ. ಅಕ್ಟೋಬರ್, ನವೆಂಬರ್‌ನಲ್ಲಿ ಹೋಯ್ ಆನ್‌ನ ಹಳೆ ಪೇಟೆಗೆ ಹೊಳೆ ನೀರು ನುಗ್ಗುವುದು ಹೊಸದೇನಲ್ಲ.

ಅದೇ ಅಕ್ಟೋಬರ್‌ನಲ್ಲಿ ಉತ್ತರಕ್ಕೆ ವರ್ಷದ ಅತ್ಯಂತ ಹಿತವಾದ ಹವೆ. ಹತ್ತು ದಿನವನ್ನೂ ಅಲ್ಲೇ ಕಳೆಯಿರಿ: ಹನೋಯ್ ಮೂರು ದಿನ, ನಿನ್ ಬಿನ್ ಎರಡು, ಹಾ ಲಾಂಗ್ ಒಂದು ರಾತ್ರಿ, ಉಳಿದದ್ದು ಸಾಪಾ ಅಥವಾ ಹಾ ಜಾಂಗ್‌ನ ಬೆಟ್ಟಗಳಿಗೆ. ಮೂರೂ ಭಾಗ ಮುಟ್ಟಿ ಬರುತ್ತೇವೆಂದರೆ ಹತ್ತರಲ್ಲಿ ಮೂರು ದಿನ ವಿಮಾನ ನಿಲ್ದಾಣಗಳಿಗೇ ಹೋಗುತ್ತದೆ.

ಹೋಯ್ ಆನ್ ನೋಡಲೇಬೇಕೆಂದಿದ್ದರೆ ಬೇಸಿಗೆ ರಜೆಗೆ ಇಟ್ಟುಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ಒಣ ಹವೆ, ಸಮುದ್ರ ಶಾಂತ. ಬಿಸಿಲು ರಾಯಚೂರಿನವರು ಹೆದರುವಷ್ಟಿಲ್ಲ, ಬೆವರು ಮಾತ್ರ ಹೆಚ್ಚು. ಏಪ್ರಿಲ್ 30, ಮೇ 1 ಅವರ ರಾಷ್ಟ್ರೀಯ ರಜೆಗಳು. ಆ ವಾರ ರೈಲು, ಹೋಟೆಲು ತುಂಬಿ ತುಳುಕುತ್ತವೆ. ಜನವರಿ ಕೊನೆಯಿಂದ ಫೆಬ್ರವರಿ ನಡುವೆ ಬರುವ ತೆತ್ ಹಬ್ಬದ (ಅವರ ಹೊಸ ವರ್ಷ) ವಾರವೂ ಬೇಡ, ಸಣ್ಣ ಹೋಟೆಲುಗಳು ಬಾಗಿಲು ಹಾಕಿರುತ್ತವೆ.

ನನ್ನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ. ಇ-ವೀಸಾ ಫಾರ್ಮ್ ತುಂಬುವುದು ಹೇಗೆ?
– ಬಳ್ಳಾರಿಯ ಓದುಗರು

ನಮ್ಮ ಭಾಗದಲ್ಲಿ ಇದು ಬಹಳ ಜನರ ಪ್ರಶ್ನೆ. ಊರ ಹೆಸರು, ತಂದೆ ಹೆಸರು, ಸ್ವಂತ ಹೆಸರು ಎಲ್ಲವೂ ಒಂದೇ ಸಾಲಿನಲ್ಲಿ ಸೇರಿರುತ್ತವೆ. ನಿಯಮ ಒಂದೇ: ಪಾಸ್‌ಪೋರ್ಟ್‌ನಲ್ಲಿ ಅಚ್ಚಾದದ್ದನ್ನು ಅಕ್ಷರ ಬಿಡದೆ, ಅಕ್ಷರ ಸೇರಿಸದೆ ಹಾಕಬೇಕು. ಆಧಾರ್‌ನಲ್ಲಿರುವ ಇನಿಷಿಯಲ್ ನೋಡಿ ಬರೆಯಬೇಡಿ. ವಿಮಾನದ ಟಿಕೆಟ್‌ನಲ್ಲೂ ಅದೇ ಹೆಸರಿರಲಿ. ಕೆಲವು ವಿಮಾನ ಕಂಪನಿಗಳ ಫಾರ್ಮ್ ಸರ್‌ನೇಮ್ ಇಲ್ಲದೆ ಮುಂದೆ ಹೋಗುವುದಿಲ್ಲ. ಆಗ ಏನು ಹಾಕಬೇಕೆಂದು ಆ ಕಂಪನಿಯ ನಿಯಮ ಓದಿಯೇ ತುಂಬಿ.

ಒಂದು ಸಲ ಪ್ರವೇಶದ ವೀಸಾಕ್ಕೆ 25 ಡಾಲರ್, ಹಲವು ಸಲದ್ದಕ್ಕೆ 50. 2023ರ ಆಗಸ್ಟ್ 15ರಿಂದ 90 ದಿನಗಳವರೆಗೂ ಕೊಡುತ್ತಾರೆ. ನಡುವೆ ಕಾಂಬೋಡಿಯಾಕ್ಕೆ ಹೋಗಿ ವಾಪಸ್ ವಿಯೆಟ್ನಾಂಗೆ ಬರುವವರು ಹಲವು ಪ್ರವೇಶದ್ದನ್ನೇ ತೆಗೆದುಕೊಳ್ಳಬೇಕು. ಸರ್ಕಾರಿ ವೆಬ್‌ಸೈಟಿನ ವಿಳಾಸ ‘ಗವ್ ಡಾಟ್ ವಿಎನ್’ ಎಂದು ಮುಗಿಯುತ್ತದೆ. ಹುಡುಕಿದಾಗ ಅದೇ ರೂಪದ ಖಾಸಗಿ ಸೈಟುಗಳು ಮೇಲೆ ಬರುತ್ತವೆ, ಎರಡು–ಮೂರು ಪಟ್ಟು ಹಣ ಕೇಳುತ್ತವೆ. ಪಾಸ್‌ಪೋರ್ಟ್ ನಂಬರ್, ಹುಟ್ಟಿದ ದಿನ, ದೇಶದೊಳಗೆ ಬರುವ ದಿನ ಈ ಮೂರರಲ್ಲೇ ತಪ್ಪುಗಳಾಗುವುದು. ಕಟ್ಟಿದ ಹಣ ವಾಪಸ್ ಬರುವುದಿಲ್ಲ, ಹೊಸದಾಗಿ ಅರ್ಜಿ ಹಾಕಬೇಕಾಗುತ್ತದೆ. ಮೂರು ಕೆಲಸದ ದಿನ ಎಂದು ಹೇಳಿದ್ದರೂ ಎರಡು–ಮೂರು ವಾರ ಮೊದಲೇ ಹಾಕಿ. ಬಂದ ವೀಸಾವನ್ನು ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಒಂದೊಂದು ಅಕ್ಷರ ತಾಳೆ ನೋಡಿ, ಎರಡು ಪ್ರಿಂಟ್ ತೆಗೆದುಕೊಳ್ಳಿ.

ರಾಯಚೂರಿನವರಿಗೆ ಬೆಂಗಳೂರು ಸಲೀಸೋ, ಹೈದರಾಬಾದೋ?

ಹೈದರಾಬಾದ್. ಮಹಬೂಬ್‌ನಗರದ ರಸ್ತೆಯಲ್ಲಿ ಹೋದರೆ ಶಂಶಾಬಾದ್ ವಿಮಾನ ನಿಲ್ದಾಣ ಊರಿಗಿಂತ ಮೊದಲೇ ಸಿಗುತ್ತದೆ, ನಗರದೊಳಗೆ ಹೋಗುವ ಕೆಲಸವೇ ಇಲ್ಲ. ಬಳ್ಳಾರಿಯವರು ಅನಂತಪುರದ ಮೇಲೆ ಹೋದರೆ ದೇವನಹಳ್ಳಿಯೂ ಹಾಗೆಯೇ ಬೆಂಗಳೂರಿಗೆ ಮೊದಲೇ ಬರುತ್ತದೆ. ಎರಡೂ ಕಡೆಯಿಂದ ವಿಯೆಟ್ನಾಂಗೆ ನೇರ ವಿಮಾನಗಳು ಶುರುವಾಗಿವೆ. ದಿನಾ ಇರುವುದಿಲ್ಲವಾದ್ದರಿಂದ ರಜೆ ಹಾಕುವ ಮೊದಲು ವಾರದ ದಿನ ನೋಡಿಕೊಳ್ಳಿ.

ಬಾನ್ ಸೆಯೊ ಎಂಬ ಹಳದಿ ದೋಸೆಯನ್ನು ನಮ್ಮ ಸೋನಾ ಮಸೂರಿಯಲ್ಲಿ ಮಾಡಿದೆ. ಮೆತ್ತಗಾಯಿತು, ಮಡಚುವಾಗ ಹರಿಯಿತು. ಎಲ್ಲಿ ತಪ್ಪಿದೆ?
– ಕಾರಟಗಿಯ ಓದುಗರು

ಸೋನಾ ಮಸೂರಿ ನಡೆಯುತ್ತದೆ, ಆದರೆ ಹಳೆ ಅಕ್ಕಿ ಆಗಬೇಕು. ಹೊಸ ಅಕ್ಕಿಗೆ ಅಂಟು ಹೆಚ್ಚು, ದೋಸೆ ಗರಿಯಾಗದೆ ಜಗ್ಗುತ್ತದೆ. ಅಂಗಡಿಯ ನಯವಾದ ಅಕ್ಕಿಹಿಟ್ಟಿನಲ್ಲಿ ಮಾಡುವುದಾದರೆ ಹಿಟ್ಟು 200 ಗ್ರಾಂ, ತೆಳು ತೆಂಗಿನಹಾಲು 150 ಮಿಲಿ, ನೀರು 300 ಮಿಲಿ, ಅರಿಶಿನ ಅರ್ಧ ಚಮಚ, ಉಪ್ಪು ಮುಕ್ಕಾಲು ಚಮಚ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ ತಪ್ಪಲು ಒಂದು ಹಿಡಿ. ಉದ್ದು, ಹುಳಿ ಯಾವುದೂ ಇಲ್ಲ. ನೀರ್‌ದೋಸೆಯ ಹಿಟ್ಟಿನಷ್ಟು ತೆಳುವಾಗಿರಲಿ. ಕಲಸಿ ಅರ್ಧ ಗಂಟೆ ಬಿಡಲೇಬೇಕು. ಹಿಟ್ಟು ನೀರು ಕುಡಿಯದಿದ್ದರೆ ದೋಸೆ ಮಡಚುವಾಗ ಹರಿಯುತ್ತದೆ. ಅಕ್ಕಿಹಿಟ್ಟು ಬೇಗ ತಳಕ್ಕೆ ಕೂರುತ್ತದೆ, ಪ್ರತಿ ದೋಸೆಗೂ ತಳದಿಂದ ಕದಡಿ. ಹಾಗೆ ಮಾಡದಿದ್ದರೆ ಮೊದಲಿನವು ನೀರಾಗಿ, ಕೊನೆಯವು ದಪ್ಪವಾಗಿ ಬರುತ್ತವೆ.

ಅಂಚು ಇಳಿಜಾರಿರುವ ಕಬ್ಬಿಣದ ಬಾಣಲೆ ಉತ್ತಮ. ಒಂದು ದೊಡ್ಡ ಚಮಚ ಎಣ್ಣೆ ಹಾಕಿ ಚೆನ್ನಾಗಿ ಕಾಯಿಸಿ. ಹಿಟ್ಟು ಬಿದ್ದೊಡನೆ ‘ಚೊಂಯ್’ ಎಂದು ಸದ್ದು ಬರಬೇಕು. ಬರದಿದ್ದರೆ ಇನ್ನೂ ಕಾದಿಲ್ಲ, ಹಾಕಿದರೆ ಅಂಟುತ್ತದೆ. ಸುಮಾರು 80 ಮಿಲಿ ಹಿಟ್ಟು ಹೊಯ್ದು ಕೂಡಲೇ ಬಾಣಲೆ ತಿರುಗಿಸಿ ಅಂಚಿನವರೆಗೆ ಹರಡಿ. ಸೌಟಿನಿಂದ ಸವರಬೇಡಿ. ಅಲ್ಲಿ ಒಳಗೆ ಸೀಗಡಿ, ಹಂದಿಮಾಂಸ ಹಾಕುತ್ತಾರೆ. ಚಾಯ್ ರೀತಿಯಲ್ಲಿ ಬಾಡಿಸಿದ ಅಣಬೆ, ಬೇಯಿಸಿದ ಹೆಸರುಬೇಳೆ, ಹೆಸರುಕಾಳಿನ ಉದ್ದ ಮೊಳಕೆ. ಒಂದೇ ಪಕ್ಕಕ್ಕೆ ಒಂದು ಹಿಡಿ ಸಾಕು, ಹೆಚ್ಚಾದರೆ ಅದರ ನೀರಿಗೇ ದೋಸೆ ಮೆತ್ತಗಾಗುತ್ತದೆ. ಒಂದು ನಿಮಿಷ ಮಾತ್ರ ಮುಚ್ಚಿ. ಆಮೇಲೆ ಮುಚ್ಚಳ ತೆಗೆದು, ಅಂಚಿಗೆ ಎಣ್ಣೆ ಬಿಟ್ಟು, ಮಧ್ಯಮ ಉರಿಯಲ್ಲಿ ಮೂರು–ನಾಲ್ಕು ನಿಮಿಷ ಬಿಡಿ. ನಿಮ್ಮದು ಮೆತ್ತಗಾದದ್ದು ಬಹುಶಃ ಮುಚ್ಚಿಯೇ ಬೇಯಿಸಿದ್ದರಿಂದ. ಹಬೆ ಹೊರಗೆ ಹೋಗದೆ ಗರಿಯಾಗುವುದಿಲ್ಲ. ಅಂಚು ತಾನಾಗಿ ಬಾಣಲೆ ಬಿಟ್ಟು ಮೇಲೇಳುತ್ತದೆ, ಅದಕ್ಕೂ ಮೊದಲು ಮಡಚಬೇಡಿ. ತೆಂಗಿನಹಾಲು ಗಟ್ಟಿಯಾಗಿದ್ದರೆ ಬೇಗ ಕೆಂಪಾಗಿ ಬೆಂದಂತೆ ಕಾಣುತ್ತದೆ, ಒಳಗೆ ಹಸಿ ಇರುತ್ತದೆ.

ನಂಚಿಕೊಳ್ಳಲು ಐದು ದೊಡ್ಡ ಚಮಚ ಬಿಸಿನೀರಿನಲ್ಲಿ ಎರಡು ಚಮಚ ಸಕ್ಕರೆ ಕರಗಿಸಿ, ಆರಿದ ಮೇಲೆ ನಿಂಬೆರಸ ಎರಡು ಚಮಚ, ಸೋಯಾ ಸಾಸ್ ಒಂದೂವರೆ ಚಮಚ, ಜಜ್ಜಿದ ಬಳ್ಳೊಳ್ಳಿ, ಮೆಣಸಿನಕಾಯಿ ಸೇರಿಸಿ. ಬಿಸಿ ಇರುವಾಗ ನಿಂಬೆ ಹಿಂಡಿದರೆ ಅದರ ತಾಜಾ ವಾಸನೆ ಹೋಗುತ್ತದೆ. ತುಂಡು ಮುರಿದು ಲೆಟಿಸ್ ಎಲೆಯಲ್ಲಿ ಪುದೀನ, ಕೊತ್ತಂಬರಿ ಸಮೇತ ಸುತ್ತಿ ಅದ್ದಿ ತಿನ್ನುವುದು ಕ್ರಮ. ರೊಟ್ಟಿಯ ಜೊತೆ ಹಕ್ಕರಕಿ, ಮೆಂತ್ಯೆಯನ್ನು ಹಸಿಯಾಗಿ ತಿನ್ನುವ ನಮ್ಮ ಕಡೆಯವರಿಗೆ ಈ ಸೊಪ್ಪಿನ ತಟ್ಟೆ ಹಿಡಿಸದೇ ಇರದು. ಎಳೆ ಹಕ್ಕರಕಿಯನ್ನೇ ಹಾಕಿದರೂ ಅದರ ಕಹಿ ಈ ಹುಳಿ–ಸಿಹಿಗೆ ಚೆನ್ನಾಗಿ ಹೊಂದುತ್ತದೆ.

ಹಂಪಿ ಪಕ್ಕದವರು ನಾವು. ವಿಯೆಟ್ನಾಂನಲ್ಲಿ ಶಿವನ ಗುಡಿಗಳಿವೆಯಂತೆ. ರೈಲಿನಲ್ಲಿ ಹೋಗಬಹುದೇ?
– ಕಂಪ್ಲಿಯ ಓದುಗರು

ಮಿ ಸೊನ್ ನೋಡಲೇಬೇಕು. ಮಧ್ಯ ವಿಯೆಟ್ನಾಂನಲ್ಲಿದ್ದ ಚಾಮ್ ಜನರ ಹಳೆಯ ಚಂಪಾ ರಾಜ್ಯದ ಶೈವಕ್ಷೇತ್ರ ಅದು. 4ನೇ ಶತಮಾನದಲ್ಲಿ ಅಲ್ಲಿನ ರಾಜ ಭದ್ರವರ್ಮ ಭದ್ರೇಶ್ವರ ಲಿಂಗ ಸ್ಥಾಪಿಸಿದ ಜಾಗ. ಹಂಪಿಯಂತೆ ಕಲ್ಲಿನದ್ದಲ್ಲ, ಇಟ್ಟಿಗೆಯ ಗುಡಿಗಳು. 1969ರಲ್ಲಿ ಅಮೆರಿಕದ ಬಾಂಬಿಗೆ ಬಹಳಷ್ಟು ಹಾಳಾದವು. ನಮ್ಮ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ ಅಲ್ಲಿನ ಮೂರು ಗುಂಪುಗಳನ್ನು ದುರಸ್ತಿ ಮಾಡಿದೆ. ಆ ಕೆಲಸದ ನಡುವೆಯೇ 2020ರಲ್ಲಿ 9ನೇ ಶತಮಾನದ ಏಕಶಿಲಾ ಲಿಂಗ ಸಿಕ್ಕಿತು. 1999ರಲ್ಲಿ ಮಿ ಸೊನ್, ಹೋಯ್ ಆನ್ ಎರಡೂ ಒಟ್ಟಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹೋಯ್ ಆನ್‌ನಿಂದ ಸುಮಾರು 40 ಕಿಲೋಮೀಟರ್. ಬೆಳಗಿನ ಜಾವ ಹೊರಟರೆ ಬಿಸಿಲೂ ಇಲ್ಲ, ಬಸ್ಸುಗಟ್ಟಲೆ ಜನವೂ ಇಲ್ಲ. ಮೂರ್ತಿಗಳಲ್ಲಿ ಒಳ್ಳೆಯವು ದಾ ನಾಂಗ್‌ನ ಚಾಮ್ ಶಿಲ್ಪ ಸಂಗ್ರಹಾಲಯದಲ್ಲಿವೆ. ಅದನ್ನು ನೋಡಿ ಮಿ ಸೊನ್‌ಗೆ ಹೋದರೆ ಖಾಲಿ ಗರ್ಭಗುಡಿಯಲ್ಲಿ ಏನಿತ್ತೆಂದು ತಿಳಿಯುತ್ತದೆ.

ಹೋಯ್ ಆನ್‌ಗೆ ರೈಲಿಲ್ಲ, ದಾ ನಾಂಗ್‌ನಲ್ಲಿ ಇಳಿದು ಸುಮಾರು 30 ಕಿಲೋಮೀಟರ್ ಟ್ಯಾಕ್ಸಿ. ಹನೋಯ್‌ನಿಂದ ಸಂಜೆಯ ರೈಲು ಹತ್ತಿದರೆ ಬೆಳಿಗ್ಗೆ ಹ್ವೇ, 688 ಕಿಲೋಮೀಟರ್. ನಾಲ್ಕು ಬರ್ತಿನ ಸಾಫ್ಟ್ ಸ್ಲೀಪರ್ ತೆಗೆದುಕೊಳ್ಳಿ. ಹ್ವೇಯಿಂದ ದಾ ನಾಂಗ್‌ಗೆ ಹಗಲು ರೈಲೇ ಆಗಬೇಕು. ಹಾಯ್ ವಾನ್ ಘಾಟಿನಲ್ಲಿ ಹಳಿ ಸಮುದ್ರದ ಅಂಚಿಗೇ ಹೋಗುತ್ತದೆ. ದಕ್ಷಿಣಕ್ಕೆ ಹೋಗುವಾಗ ಎಡಗಡೆ ಕಿಟಕಿ.

ಸ್ಕೂಟರ್ ಬಾಡಿಗೆ ಹಿಡಿಯಬಹುದೇ? ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿದ್ದೇನೆ.
– ಸಿರುಗುಪ್ಪದ ಓದುಗರು

ಬೇಡ. ನಮ್ಮ ಆರ್‌ಟಿಒ ಕೊಡುವ ಪರ್ಮಿಟ್ 1949ರ ಜಿನೀವಾ ಒಪ್ಪಂದದ್ದು, ವಿಯೆಟ್ನಾಂ ಮಾನ್ಯ ಮಾಡುವುದು 1968ರ ವಿಯೆನ್ನಾ ಒಪ್ಪಂದದ್ದು. ಬಾಡಿಗೆ ಕೊಡುವವರು ಲೈಸೆನ್ಸ್ ಕೇಳುವುದೇ ಇಲ್ಲ, ಅದರಿಂದಲೇ ಎಷ್ಟೋ ಜನ ಸರಿಯಿದೆ ಅಂದುಕೊಳ್ಳುತ್ತಾರೆ. ಅಪಘಾತವಾದರೆ ಮಾನ್ಯ ಲೈಸೆನ್ಸ್ ಇರಲಿಲ್ಲವೆಂದು ಪ್ರವಾಸ ವಿಮೆಯವರು ಹಣ ಕೊಡುವುದಿಲ್ಲ. ವಾಹನಗಳು ಬಲಗಡೆ ಓಡುತ್ತವೆ, ನಮ್ಮ ಕಣ್ಣು ಅಭ್ಯಾಸಬಲದಿಂದ ತಪ್ಪು ಕಡೆಗೇ ಹೋಗುತ್ತದೆ. ಊರೊಳಗೆ ಗ್ರ್ಯಾಬ್ ಆ್ಯಪ್‌ನ ಬೈಕ್, ಕಾರು ಅಗ್ಗ. ಹಾ ಜಾಂಗ್‌ನ ಬೆಟ್ಟದಾರಿಗೆ ಚಾಲಕನ ಸಮೇತ ಬೈಕ್ ಸಿಗುತ್ತದೆ, ಹಿಂದೆ ಕುಳಿತು ಹೋಗಿ.

ದುಡ್ಡು ಹೇಗೆ ಒಯ್ಯಬೇಕು? ಫೋನ್‌ಪೇ ನಡೆಯುತ್ತದೆಯೇ?
– ಕೊಪ್ಪಳದ ಓದುಗರು

ಫೋನ್‌ಪೇ ನಂಬಿ ಹೋಗಬೇಡಿ. ಸ್ವಲ್ಪ ಡಾಲರ್, ಒಂದು ಫಾರೆಕ್ಸ್ ಕಾರ್ಡ್ ಸಾಕು. ನೋಟುಗಳು ಮಡಿಕೆ, ಕಲೆ, ಪೆನ್ನಿನ ಗೀಟು ಇಲ್ಲದವಾಗಿರಲಿ, ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ. ಬ್ಯಾಂಕಿನಲ್ಲೇ ಬದಲಾಯಿಸಿ. ರೂಪಾಯಿಗೆ ಅಲ್ಲಿ ಒಳ್ಳೆಯ ದರ ಸಿಗುವುದಿಲ್ಲ. ಬೆಲೆ ಲೆಕ್ಕಕ್ಕೆ ಅಲ್ಲಿನ ಹಣ ಡಾಂಗ್‌ನ ಕೊನೆಯ ಮೂರು ಸೊನ್ನೆ ಬಿಟ್ಟು ಮೂರೂವರೆಯಿಂದ ಗುಣಿಸಿ: 50,000 ಡಾಂಗ್‌ನ ಊಟ ಸುಮಾರು 175 ರೂಪಾಯಿ. 20,000ದ ನೋಟು, 5 ಲಕ್ಷದ ನೋಟು ಎರಡೂ ನೀಲಿ. ರಾತ್ರಿ ಟ್ಯಾಕ್ಸಿಯಲ್ಲಿ ಅದಲುಬದಲಾದರೆ ಹೋದದ್ದೇ ಹೋಯಿತು, 5 ಲಕ್ಷದವನ್ನು ಪರ್ಸಿನ ಬೇರೆ ಖಾನೆಯಲ್ಲಿಡಿ.